ವಾಟೆ ಕಡ್ಡಿ, ಅಳಲೆಕಾಯಿ ಮಸಿ: ನೀವು ಕೇಳಿದ್ದೀರಿ

ಹೋದ ಸಂಚಿಕೆಯಲ್ಲಿ ಪುಟದ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಸುಮ್ನೆ ಖಾಲಿ ಬಿಡೋದು ಯಾಕೆ ಅಂತ ವಾಟೆ (ಸಣ್ಣ ಜಾತಿಯ ಬಿದಿರು) ಕಡ್ಡಿಯಲ್ಲಿ ಪೆನ್ನು ಮಾಡುವುದರ ಬಗ್ಗೆ ಹತ್ತು ಸಾಲು ಬರೆದಿದ್ದೆ. ಕಡ್ಡಿಯನ್ನು ಓರೆಯಾಗಿ ಕೊಯ್ದು, ತುದಿ ಸೀಳಿ, ಮಸಿಯಲ್ಲಿ ಅದ್ದಿ ಬರೆಯಿರಿ, ಅಷ್ಟೇ ಇದ್ದದ್ದು. ಮೆಣಸಿನ ಬಳ್ಳಿ ಸೊರಗುವ ರೋಗದ ಬಗ್ಗೆ ಎರಡು ಪುಟ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಮೂರು ಪತ್ರವಂತೂ ಕಡ್ಡಿ ಪೆನ್ನಿನಲ್ಲೇ ಬರೆದವು. ಒಂದನ್ನು ಓದಲು ಆಗಲಿಲ್ಲ, ಕ್ಷಮಿಸಿ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನೀವು ಹೇಳಿದ ಹಾಗೇ ಬೇಲಿ ಪಕ್ಕದ ವಾಟೆ ಕಡಿದು ಪೆನ್ನು ಮಾಡಿದೆ. ಮೂರು ಮಾಡಿದೆ, ಮೂರೂ ಸೀಳಿ ಎರಡಾದವು. ನಾಲ್ಕನೆಯದು ಬರೆಯಿತು, ಆದರೆ ಎರಡು ಸಾಲಿಗೆಲ್ಲ ತುದಿ ಮೆತ್ತಗಾಗಿ ನಾರು ನಾರು ಆಯ್ತು. ಚಾಕು ಸರಿಯಿಲ್ಲವಾ? (ಮೂಡಿಗೆರೆ ಕಡೆಯ ಬೆಳೆಗಾರರು)

ಉತ್ತರ: ಚಾಕು ಸರಿಯಾಗಿಯೇ ಇದೆ, ಕಡ್ಡಿ ಹಸಿಯದು. ತಪ್ಪು ನನ್ನದು, ಒಣಗಿಸಿ ಅಂತ ಬರೆಯುವುದನ್ನೇ ಬಿಟ್ಟಿದ್ದೆ. ಪೆನ್ನು ಕೊರೆಯುವುದು ಐದು ನಿಮಿಷದ ಕೆಲಸ, ಅದಕ್ಕೆ ಮೊದಲು ಕಡ್ಡಿ ಒಣಗಲು ಎರಡು ತಿಂಗಳು ಬೇಕು. ನಾನೂ ಮೊದಲ ಸಲ ಆಷಾಢದ ಮಳೆಯಲ್ಲಿ ಹಿತ್ತಲಿನಿಂದ ಹಸಿ ವಾಟೆ ತಂದು, ಕೊರೆದು, ಜಂಬದಿಂದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ವಾರ ಕಳೆದು ನೋಡಿದರೆ ಎಲ್ಲದರ ಮೇಲೂ ಬೂದು ಬಣ್ಣದ ಬೂಷ್ಟು, ಸೀಳು ಮಾತ್ರ ಹಲ್ಲು ಬಿಟ್ಟ ಹಾಗೆ ಅಗಲ ಆಗಿತ್ತು.

ಎಳೆಯ ಕಡ್ಡಿ ಬೇಡ. ಬಲಿತದ್ದು, ಕಿರುಬೆರಳಿನ ದಪ್ಪದ್ದು ನೋಡಿ ಕಡಿಯಿರಿ. ಮಳೆಗಾಲ ಮುಗಿದ ಮೇಲೆ ಕಡಿದರೆ ಒಳ್ಳೆಯದು, ಆಗ ಕಡ್ಡಿಯಲ್ಲಿ ನೀರು ಕಡಿಮೆ ಇರುತ್ತದೆ. ಅಮಾವಾಸ್ಯೆ ಆಸುಪಾಸು ಕಡಿದ ಬಿದಿರಿಗೆ ಹುಳ ಬೀಳೋದಿಲ್ಲ ಅಂತ ಹಿರಿಯರು ಹೇಳುತ್ತಾರೆ, ನಾನು ಲೆಕ್ಕ ಇಟ್ಟು ನೋಡಿಲ್ಲ, ಆದರೂ ಅವತ್ತೇ ಕಡಿಯುತ್ತೇನೆ. ಆಮೇಲೆ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಹಾಕಿ ಮರೆತುಬಿಡಿ. ಹೊಗೆಯಲ್ಲಿ ಒಣಗಿದ ಕಡ್ಡಿಗೆ ಹುಳದ ಕಾಟವೂ ಇಲ್ಲ. ಒಲೆ ಇಲ್ಲದ ಮನೆಯಾದರೆ ಗಾಳಿಯಾಡುವ ನೆರಳು ಸಾಕು, ಬಿಸಿಲಿಗೆ ಇಟ್ಟರೆ ಮಾತ್ರ ಬಿರುಕು ಬಿಡುತ್ತದೆ. ಹಸಿರು ಪೂರ್ತಿ ಹೋಗಿ ಹುಲ್ಲಿನ ಬಣ್ಣ ಬರಬೇಕು, ನೆಲಕ್ಕೆ ಬೀಳಿಸಿದರೆ ಟಣ್ ಅನ್ನಬೇಕು. ದಪ್ ಅಂದರೆ ಮತ್ತೆ ಅಟ್ಟಕ್ಕೆ ಹಾಕಿ.

ಈಗ ಕೊರೆಯುವುದು. ಗೆಣ್ಣು ಬಿಟ್ಟು ಒಂದು ಗೇಣು ಉದ್ದ ಕತ್ತರಿಸಿಕೊಳ್ಳಿ. ಒಂದು ತುದಿಯಲ್ಲಿ ಉದ್ದಕ್ಕೆ ಓರೆಯಾಗಿ ಒಂದು ಕೊಯ್ತ, ಸುಮಾರು ಮೂರು ಸೆಂಟಿಮೀಟರ್. ಈಗ ಕಡ್ಡಿಯ ಒಳಭಾಗ ದೋಣಿ ಹಾಗೆ ಕಾಣುತ್ತದೆ. ಅಲ್ಲಿರುವ ಬಿಳಿ ಮೆತ್ತನೆಯ ಭಾಗವನ್ನು ಕೆರೆದು ತೆಗೆಯಿರಿ, ಹೊರಗಿನ ಗಟ್ಟಿ ಸಿಪ್ಪೆಯನ್ನು ಮಾತ್ರ ಮುಟ್ಟಬೇಡಿ. ಬರೆಯುವುದು ಆ ಸಿಪ್ಪೆಯೇ. ನಿಮ್ಮ ನಾಲ್ಕನೇ ಪೆನ್ನು ನಾರು ನಾರು ಆದದ್ದು ಹಸಿ ಇದ್ದದ್ದಕ್ಕೆ ಮಾತ್ರ ಅಲ್ಲ, ಬಹುಶಃ ಹೊರಗಿನ ಸಿಪ್ಪೆಯನ್ನೂ ನುಣುಪು ಮಾಡಲು ಹೋಗಿ ಹೆರೆದಿದ್ದೀರಿ. ಆಮೇಲೆ ಎರಡೂ ಪಕ್ಕ ಸವರಿ ತುದಿಯನ್ನು ಸಣ್ಣ ಮಾಡಿ.

ಸೀಳು ಹಾಕುವುದೇ ಇದರಲ್ಲಿ ನಾಜೂಕಿನ ಕೆಲಸ. ಚಾಕುವನ್ನು ಒತ್ತಿ ತಳ್ಳಬೇಡಿ, ಬಿದಿರು ಒಮ್ಮೆ ಸೀಳಲು ಶುರು ಮಾಡಿದರೆ ನಿಲ್ಲುವ ಜಾತಿ ಅಲ್ಲ. ಸೀಳು ಎಲ್ಲಿ ನಿಲ್ಲಬೇಕೋ ಅಲ್ಲಿ, ತುದಿಯಿಂದ ಒಂದು ಸೆಂಟಿಮೀಟರ್ ಮೇಲೆ, ಎಡಗೈ ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತುದಿಯ ನಡುವೆ ಬ್ಲೇಡಿನ ಅಂಚು ಇಟ್ಟು ಸ್ವಲ್ಪ ಅಲ್ಲಾಡಿಸಿ. ಚಿಟ್ ಅಂತ ಒಂದು ಸಣ್ಣ ಸದ್ದು ಬರುತ್ತದೆ, ಅಲ್ಲಿಗೆ ಸಾಕು. ಬೆಳಕಿಗೆ ಹಿಡಿದರೆ ಸೀಳು ಕಾಣಬಾರದು, ಉಗುರಿಗೆ ಒತ್ತಿದರೆ ಬಾಯಿ ಬಿಡಬೇಕು, ಬಿಟ್ಟರೆ ಮುಚ್ಚಿಕೊಳ್ಳಬೇಕು. ಸೀಳು ಮುಗಿಯುವ ಕಡೆ ಕಾಯಿಸಿದ ಸೂಜಿಯಿಂದ ಒಂದು ತೂತು ಮಾಡಿದರೆ ಮುಂದೆ ಹರಿಯುವುದಿಲ್ಲ.

ಕೊನೆಗೆ, ಎಲ್ಲಾ ಆದ ಮೇಲೆ, ತುದಿಯನ್ನು ಗಟ್ಟಿ ಮರದ ಮೇಲೆ ಇಟ್ಟು ಅಡ್ಡಕ್ಕೆ ಒಂದೇ ಏಟಿಗೆ ಕತ್ತರಿಸಿ. ಮೊದಲೇ ಕತ್ತರಿಸಿ ಆಮೇಲೆ ಸೀಳಿದರೆ ತುದಿ ಮುರುಕು ಮುರುಕಾಗುತ್ತದೆ. ಓರೆ ಕೊಯ್ದ ಮುಖ ಕಾಗದದ ಕಡೆಗೆ, ಸಿಪ್ಪೆ ಆಕಾಶದ ಕಡೆಗೆ ಇರುವಂತೆ ಹಿಡಿದು ಬರೆಯಿರಿ. ಎರಡು ಅಕ್ಷರಕ್ಕೇ ಮಸಿ ಖಾಲಿಯಾಗುತ್ತಿದ್ದರೆ ಜ್ಯೂಸ್ ಡಬ್ಬಿಯ ತಗಡಿನಿಂದ ಒಂದು ಸಣ್ಣ ಪಟ್ಟಿ ಕತ್ತರಿಸಿ, ಕೊಕ್ಕೆ ಹಾಗೆ ಮಡಚಿ, ದೋಣಿ ಒಳಗೆ ಸೀಳಿನ ಹತ್ತಿರ ಸಿಕ್ಕಿಸಿ. ಅದು ನಾಲ್ಕು ಹನಿ ಮಸಿ ಹಿಡಿದುಕೊಂಡಿರುತ್ತದೆ, ಒಂದು ಸಾಲು ಆರಾಮಾಗಿ ಬರೆಯಬಹುದು.

ಪ್ರಶ್ನೆ: ನಮ್ಮ ಕಡೆ ಬಯಲುಸೀಮೆ. ವಾಟೆ, ಬಿದಿರು ಯಾವುದೂ ಇಲ್ಲ, ಇರೋದು ತೆಂಗು ಒಂದೇ. ಏನು ಮಾಡಲಿ? (ಅರಸೀಕೆರೆ)

ಉತ್ತರ: ತೆಂಗು ಇದ್ದರೆ ಇನ್ನೇನು ಬೇಕು? ಒಣಗಿ ಬಿದ್ದ ಎಡೆಮಟ್ಟೆಯ ಹೊರ ಸಿಪ್ಪೆ ಇದೆಯಲ್ಲ, ನುಣುಪಾಗಿ ಗಟ್ಟಿಯಾಗಿರುವುದು, ಅದನ್ನು ಅರ್ಧ ಬೆರಳು ಅಗಲಕ್ಕೆ ಸೀಳಿಕೊಂಡು ತುದಿ ಮಾಡಿ. ಕೊಳವೆ ಇಲ್ಲದ ಕಾರಣ ಮಸಿ ಜಾಸ್ತಿ ಹಿಡಿಯುವುದಿಲ್ಲ, ಅದೊಂದು ಕೊರತೆ. ಗರಿಯ ಕಡ್ಡಿಯಲ್ಲಿ ಸಣ್ಣ ಗೆರೆ, ಚುಕ್ಕಿ ಚೆನ್ನಾಗಿ ಬರುತ್ತದೆ. ಮಸಿ ಕುಡಿಕೆಗೆ ಕರಟ ಇದೆ. ಕರಟದ ಇದ್ದಿಲನ್ನೇ ನುಣ್ಣಗೆ ಅರೆದು ಮಸಿಯನ್ನೂ ಮಾಡಬಹುದು. ಪೆನ್ನು, ಮಸಿ, ಕುಡಿಕೆ ಮೂರೂ ಒಂದೇ ಮರದಿಂದ. ನಮ್ಮ ಮಲೆನಾಡಿನವರಿಗೆ ಈ ಭಾಗ್ಯ ಇಲ್ಲ. ಕೆರೆಯ ಜೊಂಡು ಬೇಡ, ನೋಡಲು ಚೆನ್ನಾಗಿದ್ದರೂ ಮಸಿ ಕುಡಿದು ಮೆತ್ತಗಾಗುತ್ತದೆ. ಬೇಲಿಯ ಲಂಟಾನ ಕಡ್ಡಿ ಒಣಗಿದ್ದು ಪರವಾಗಿಲ್ಲ.

ಪ್ರಶ್ನೆ: ನಮ್ಮ ತಾತ ಶಾನುಭೋಗರ ಮನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ಅಳಲೆಕಾಯಿಯಿಂದ ಮಸಿ ಮಾಡುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದರು. ಕಾಯಿ ಕುದಿಸಿ ನೋಡಿದೆ, ಬರೀ ಟೀ ಬಣ್ಣ ಬಂತು. ಕಪ್ಪು ಹೇಗೆ ಬರುತ್ತದೆ? (ಚನ್ನರಾಯಪಟ್ಟಣ)

ಉತ್ತರ: ನಿಮ್ಮ ತಾತ ಅದಕ್ಕೆ ಅನ್ನಭೇದಿ ಹಾಕಿರುತ್ತಾರೆ. ಅಮ್ಮನಿಗೆ ಆ ಹೆಸರು ಮರೆತಿರಬೇಕು, ಹೆಸರೂ ವಿಚಿತ್ರವೇ ಬಿಡಿ. ತಿಳಿ ಹಸಿರು ಹರಳು, ಕಬ್ಬಿಣದ ಲವಣ, ಫೆರಸ್ ಸಲ್ಫೇಟ್ ಅಂತಾರಲ್ಲ ಅದೇ. ಗ್ರಂದಿಗೆ ಅಂಗಡಿಯಲ್ಲಿ ಅಳಲೆಕಾಯಿ ಕೇಳುವಾಗ ಇದನ್ನೂ ಕೇಳಿ. ಅಳಲೆಯಲ್ಲಿ ಒಗರು ಇದೆ, ಅಂದರೆ ಟ್ಯಾನಿನ್. ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪು. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಚಾಕು ಕಪ್ಪಾಗುತ್ತದಲ್ವಾ, ಅದೇ ಕತೆ ಇದು. ಯುರೋಪಿನಲ್ಲಿ ಓಕ್ ಮರದ ಗಂಟುಗಳಿಂದ ಒಗರು ತೆಗೆದು ನೂರಾರು ವರ್ಷ ಇದೇ ಥರದ ಮಸಿಯಲ್ಲಿ ಬರೆದರು.

ಐವತ್ತು ಗ್ರಾಂ ಅಳಲೆಕಾಯಿ ಜಜ್ಜಿ, ಬೀಜ ತೆಗೆದು, ಅರ್ಧ ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ. ಬೆಳಿಗ್ಗೆ ಸ್ಟೀಲ್ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಹಳೇ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಹದಿನೈದು ಗ್ರಾಂ ಅನ್ನಭೇದಿಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಅದಕ್ಕೆ ಹಾಕಿ. ಹಾಕಿದ ಕ್ಷಣ ಟೀ ಬಣ್ಣದ ನೀರು ಒಳಗಿನಿಂದ ಮೋಡ ಕವಿದ ಹಾಗೆ ಕಪ್ಪಾಗುವುದನ್ನು ನೋಡಬೇಕು, ನಾನು ಎಷ್ಟು ಸಲ ಮಾಡಿದರೂ ಆ ಹೊತ್ತಿಗೆ ಮನೆಯವರನ್ನು ಕೂಗಿ ಕರೆಯುತ್ತೇನೆ, ಅವರು ಈಗ ಬರುವುದನ್ನು ಬಿಟ್ಟಿದ್ದಾರೆ. ಹತ್ತು ಗ್ರಾಂ ಜಾಲಿ ಗೋಂದನ್ನು ಹಿಂದಿನ ರಾತ್ರಿಯೇ ನೆನೆಸಿಟ್ಟಿದ್ದರೆ ಅದನ್ನೂ ಸೇರಿಸಿ. ಗೋಂದು ಇಲ್ಲದಿದ್ದರೆ ಮಸಿ ನೀರಿನ ಹಾಗೆ ಓಡುತ್ತದೆ, ಜಾಸ್ತಿ ಆದರೆ ಪೆನ್ನಿನಿಂದ ಇಳಿಯುವುದೇ ಇಲ್ಲ. ಬೂಷ್ಟು ಬರದಿರಲಿ ಅಂತ ಎರಡು ಲವಂಗ ಹಾಕಿಡಿ.

ಬರೆದ ತಕ್ಷಣ ಅಕ್ಷರ ಸ್ವಲ್ಪ ಮಾಸಲಾಗಿ ಕಾಣಬಹುದು. ಗಾಬರಿ ಬೇಡ. ಗಾಳಿ ತಾಗಿ ಗಂಟೆಗಳಲ್ಲಿ ಕಪ್ಪು ಏರುತ್ತದೆ, ಮಾರನೇ ದಿನ ನೋಡಿ. ಅನ್ನಭೇದಿ ಜಾಸ್ತಿ ಸುರಿದರೆ ಇನ್ನೂ ಕಪ್ಪಾಗುತ್ತದೆ ಅಂದುಕೊಳ್ಳಬೇಡಿ, ವರ್ಷಗಳು ಕಳೆದಂತೆ ಅದು ಕಾಗದವನ್ನೇ ತಿನ್ನುತ್ತದೆ. ಹೊಟ್ಟೆಗೆ ಹೋಗಬಾರದ ವಸ್ತು, ಅಡುಗೆ ಚಮಚ ಹಾಕಬೇಡಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅನ್ನಭೇದಿ ಸಿಗದಿದ್ದರೆ ತುಕ್ಕು ಹಿಡಿದ ನಾಲ್ಕು ಮೊಳೆಯನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಸಿ, ಆ ನೀರನ್ನು ಬಳಸಬಹುದು. ಬಾಟಲಿ ಮುಚ್ಚಳ ಮಾತ್ರ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಅಳಲೆ ಬದಲು ದಾಳಿಂಬೆ ಸಿಪ್ಪೆಯೂ ಆಗುತ್ತದೆ.

ಪ್ರಶ್ನೆ: ಈ ಮಸಿಯನ್ನು ಇಂಕ್ ಪೆನ್ನಿಗೆ ತುಂಬಬಹುದಾ? (ಹಾಸನ)

ಉತ್ತರ: ಬೇಡ. ಅಳಲೆ ಮಸಿಯೂ ಬೇಡ, ಕಾಡಿಗೆ ಮಸಿ ಅಂತೂ ಬೇಡವೇ ಬೇಡ. ಒಣಗಿ ಗಟ್ಟಿಯಾದರೆ ಆ ಪೆನ್ನಿನ ಕತೆ ಮುಗಿಯಿತು. ನನ್ನದೊಂದು ಮುಗಿದಿದೆ, ಮದುವೆಗೆ ಬಂದ ಪೆನ್ನು.

ಪ್ರಶ್ನೆ: ಬಸಳೆ ಹಣ್ಣು ಹಿಂಡಿ ಬರೆದೆ. ನೇರಳೆ ಬಣ್ಣ ತುಂಬಾ ಚೆನ್ನಾಗಿತ್ತು. ಗೋಡೆಗೆ ಅಂಟಿಸಿದ್ದೆ, ಒಂದು ತಿಂಗಳಿಗೆ ಏನೂ ಕಾಣುತ್ತಿಲ್ಲ. ಯಾಕೆ? (ಎಂಟನೇ ತರಗತಿ ವಿದ್ಯಾರ್ಥಿನಿ, ಕೊಪ್ಪ)

ಉತ್ತರ: ಬೆಳಕಿಗೆ ಆ ಬಣ್ಣ ನಿಲ್ಲುವುದಿಲ್ಲ ಪುಟ್ಟಿ. ಬೀಟ್‌ರೂಟಿನಲ್ಲಿ ಇರುವ ಬಣ್ಣದ ಜಾತಿಯದೇ ಅದು. ಕುಂಕುಮ, ಅರಿಸಿನದಲ್ಲಿ ಬರೆದದ್ದೂ ಮಾಸುತ್ತದೆ. ಪುಸ್ತಕದ ಒಳಗೆ ಮುಚ್ಚಿಟ್ಟರೆ ಸ್ವಲ್ಪ ದಿನ ಜಾಸ್ತಿ ಬಾಳುತ್ತದೆ. ಗೆಳತಿಗೆ ಗುಟ್ಟು ಬರೆಯಲು ಇದಕ್ಕಿಂತ ಒಳ್ಳೆ ಮಸಿ ಇಲ್ಲ, ಮೇಷ್ಟ್ರು ಹಿಡಿಯುವಷ್ಟರಲ್ಲಿ ಮಾಸಿರುತ್ತದೆ. ಉಳಿಯಬೇಕು ಅನ್ನುವುದನ್ನು ಕಾಡಿಗೆಯಲ್ಲಿ ಬರಿ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿಟ್ಟು ಕಾಡಿಗೆ ಹಿಡಿದು, ಗೋಂದಿನ ನೀರು ಹಾಕಿ ಕಲ್ಲಿನಲ್ಲಿ ಅರೆಯಬೇಕು. ಕೈ ಸೋಲುವಷ್ಟು ಅರೆಯಬೇಕು. ದೀಪದ ಹತ್ತಿರ ಅಮ್ಮ ಇರಲಿ. ಕಾಡಿಗೆ ಬರೀ ಇಂಗಾಲ, ಬಿಸಿಲಿಗೂ ಅದಕ್ಕೂ ಸಂಬಂಧವೇ ಇಲ್ಲ.

ಪ್ರಶ್ನೆ: ಐದು ರೂಪಾಯಿಗೆ ಪೆನ್ನು ಸಿಗುವಾಗ ಈ ತಾಪತ್ರಯ ಯಾಕೆ ಸ್ವಾಮಿ? (ಹೆಸರು, ಊರು ಬರೆದಿಲ್ಲ)

ಉತ್ತರ: ಬೇಡ ಅನ್ನಿಸಿದರೆ ಬೇಡ. ನೀವು ಈ ಪ್ರಶ್ನೆಯನ್ನು ಐದು ರೂಪಾಯಿ ಪೆನ್ನಿನಲ್ಲೇ ಬರೆದಿದ್ದೀರಿ, ಅದೂ ಮಧ್ಯದಲ್ಲಿ ಕೈಕೊಟ್ಟು ಕೊನೆಯ ಸಾಲನ್ನು ಬೇರೆ ಬಣ್ಣದಲ್ಲಿ ಮುಗಿಸಿದ್ದೀರಿ.

ಪ್ರಶ್ನೆ: ಮನೆಯ ಹುಂಜದ ಗರಿಯಲ್ಲಿ ಪೆನ್ನು ಮಾಡಿದರೆ ತುದಿ ಬಾಗುತ್ತದೆ. ಇನ್ನೊಂದು ವಿಷಯ, ತೋಟದಲ್ಲಿ ಮುಳ್ಳುಹಂದಿ ಮುಳ್ಳು ಬಿದ್ದಿರುತ್ತದೆ, ಅದು ಪೆನ್ನಿಗೆ ಹೇಳಿ ಮಾಡಿಸಿದ ಹಾಗಿದೆ. ಬಳಸಲಾ? (ಸಕಲೇಶಪುರ)

ಉತ್ತರ: ಮುಳ್ಳನ್ನು ಬಿದ್ದ ಕಡೆಯೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪ್ರಾಣಿಗಳ ಮೈಯ ಭಾಗಗಳನ್ನು ಇಟ್ಟುಕೊಳ್ಳುವುದಕ್ಕೆ ನಿರ್ಬಂಧ ಹಾಕಿದೆ. ತಾನಾಗೇ ಬಿದ್ದಿತ್ತು ಅಂತ ನೀವು ವಿವರಿಸುತ್ತಾ ನಿಲ್ಲುವುದು ಯಾಕೆ? ಒಂದು ಪೆನ್ನಿಗಾಗಿ ಅಷ್ಟೆಲ್ಲ ರಗಳೆ ಬೇಡ.

ಕೋಳಿಯ ಗರಿ ಸಣ್ಣದು, ಪದರ ತೆಳು. ಟರ್ಕಿ ಕೋಳಿ ಸಾಕಿದವರು ಗೊತ್ತಿದ್ದರೆ ಅವರ ಹತ್ತಿರ ಉದುರಿದ ರೆಕ್ಕೆ ಗರಿ ಕೇಳಿ. ಬಾಲದ್ದಲ್ಲ, ರೆಕ್ಕೆಯ ಹೊರ ಅಂಚಿನ ನಾಲ್ಕೈದು ದೊಡ್ಡ ಗರಿಗಳು. ಬಲಗೈಯಲ್ಲಿ ಬರೆಯುವವರಿಗೆ ಎಡ ರೆಕ್ಕೆಯ ಗರಿ ಅನುಕೂಲ, ಅದರ ಬಾಗು ಕಣ್ಣಿಗೆ ಅಡ್ಡ ಬರದೆ ಆಚೆಗೆ ಹೋಗುತ್ತದೆ. ಬಾಗುವುದಕ್ಕೆ ಮದ್ದು ಮರಳು. ದಂಟಿನ ಮೇಲಿನ ಪೊರೆ ಕೆರೆದು ತೆಗೆದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಾಣಲೆಯಲ್ಲಿ ಸಣ್ಣ ಮರಳು ಕಾಯಿಸಿ, ಉರಿ ಆರಿಸಿ, ದಂಟನ್ನು ಅದರಲ್ಲಿ ಚುಚ್ಚಿ ನಿಲ್ಲಿಸಿ. ಮಂಜಾಗಿದ್ದ ದಂಟು ಗಾಜಿನ ಹಾಗೆ ಸ್ವಚ್ಛವಾಗಿ, ಗಟ್ಟಿಯಾಗಿ ಬರಬೇಕು. ಗುಳ್ಳೆ ಎದ್ದರೆ ಮರಳು ಅತಿ ಬಿಸಿ. ಕೂದಲು ಸುಟ್ಟ ವಾಸನೆ ಬರುತ್ತದೆ, ಈ ಕೆಲಸ ಹೊರಗಡೆ ಮಾಡಿ. ಇಂಗ್ಲಿಷಿನ ಪೆನ್ ಅನ್ನುವ ಪದದ ಮೂಲ ಲ್ಯಾಟಿನ್‌ನ ಗರಿ ಅನ್ನುವ ಪದ. ನಮ್ಮ ಹಳಬರು ಕಲಮು ಅನ್ನುತ್ತಿದ್ದರಲ್ಲ, ಅದು ಅರಬ್ಬಿಯಿಂದ ಬಂದದ್ದು, ಅದರ ಹಿಂದೆ ಇರುವುದು ಗ್ರೀಕರ ಲಾಳಕಡ್ಡಿ. ಇಂಗ್ಲಿಷಿನವರದ್ದು ಗರಿ, ನಮ್ಮದು ಕಡ್ಡಿ. ನಾನು ಕಡ್ಡಿಯ ಪಾರ್ಟಿ.

ಪ್ರಶ್ನೆ: ಮೂವತ್ತು ಮಕ್ಕಳಿಗೆ ಇದನ್ನು ಮಾಡಿಸಬೇಕು ಅಂತಿದ್ದೇನೆ. ಚಾಕು ಕೊಡಲು ಭಯ. ಹಾಗೇ, ಹಿಂದೆ ನಮ್ಮ ಭಾಗದಲ್ಲಿ ಯಾವುದರಲ್ಲಿ ಬರೆಯುತ್ತಿದ್ದರು ಅಂತಲೂ ಮಕ್ಕಳಿಗೆ ಹೇಳಬೇಕು. (ಬೇಲೂರು ತಾಲ್ಲೂಕಿನ ಶಿಕ್ಷಕಿ)

ಉತ್ತರ: ಮೇಡಂ, ಚಾಕು ಕೊಡಬೇಡಿ. ಕೊಯ್ತ, ಸೀಳು ನೀವೇ ಮಾಡಿಟ್ಟುಕೊಂಡು ಹೋಗಿ. ತುದಿಯನ್ನು ಒರಟು ಕಲ್ಲಿಗೆ ಅಥವಾ ಸ್ಯಾಂಡ್ ಪೇಪರಿಗೆ ಉಜ್ಜಿ ಹದ ಮಾಡುವ ಕೆಲಸ ಮಕ್ಕಳಿಗೆ ಬಿಡಿ, ಅವರಿಗೆ ಬೇಕಾದದ್ದೂ ಅದೇ. ಸಣ್ಣ ಮಕ್ಕಳಿಗಾದರೆ ಬೇವಿನ ಕಡ್ಡಿಯ ತುದಿ ಜಗಿದು ಬ್ರಷ್ ಮಾಡಿಸಿ. ಮಸಿಗೆ ಕಾಫಿ ಡಿಕಾಕ್ಷನ್ ಸಾಕು, ಗಟ್ಟಿಯಾಗಿ ಇಳಿಸಿ. ಬಣ್ಣ ಕಂದು, ಬಟ್ಟೆಗೆ ಬಿದ್ದರೂ ಬೈಗುಳ ಕಡಿಮೆ. ನೋಟ್‌ಬುಕ್ ಹಾಳೆಯಲ್ಲಿ ಮಸಿ ಹರಡುತ್ತದೆ. ಡ್ರಾಯಿಂಗ್ ಹಾಳೆ ಕೊಡಿ, ಇಲ್ಲದಿದ್ದರೆ ತೆಳು ಅಕ್ಕಿ ಗಂಜಿ ಬಳಿದು ಒಣಗಿಸಿ. ನನಗೆ ಬರುವ ಅರ್ಧಕ್ಕರ್ಧ ದೂರು ಪೆನ್ನಿನದ್ದೇ ಅಲ್ಲ, ಕಾಗದದ್ದು.

ಇನ್ನು ಹಿಂದಿನ ಕತೆ. ಬೇಲೂರಿನಲ್ಲಿ ಇದ್ದುಕೊಂಡು ನೀವು ನನ್ನನ್ನು ಕೇಳುತ್ತೀರಲ್ಲ! ಹಲ್ಮಿಡಿ ನಿಮ್ಮ ತಾಲ್ಲೂಕಿನದೇ. ಸುಮಾರು ಕ್ರಿ.ಶ. 450ರ ಶಾಸನ, ಅಲ್ಲಿ ಪೆನ್ನು ಅಂದರೆ ಉಳಿ. ತಾಳೆಗರಿಗೆ ಕಂಟ ಅಂತ ಕಬ್ಬಿಣದ ಮೊನೆ ಇತ್ತು. ಅದರಲ್ಲಿ ಮಸಿ ಇಲ್ಲ, ಗೀರುವುದು ಮಾತ್ರ. ಆಮೇಲೆ ಕಾಡಿಗೆ ಬಳಿದು ಒರೆಸಿದರೆ ಗೀರಿದ ಕಡೆ ಕಪ್ಪು ನಿಂತು ಅಕ್ಷರ ಕಾಣುತ್ತದೆ. ನೇರ ಅಡ್ಡಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರ ಇಷ್ಟು ದುಂಡಗಿವೆ ಅಂತ ಹೇಳುವುದುಂಟು. ಶ್ರವಣಬೆಳಗೊಳದ ಜೈನ ಮಠದಲ್ಲಿ ಅಂಥ ತಾಳೆಗರಿಗಳಿವೆ.

ಮಕ್ಕಳಿಗೆ ಜಾಸ್ತಿ ಇಷ್ಟ ಆಗುವುದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಪುಸ್ತಕದ ಹಾಗೆ ಮಡಚುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಲೆಕ್ಕ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಕಪ್ಪು ಹಲಗೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ ಹಾಗೆ. ಈಗ ಆಫೀಸಿನ ಫೈಲಿಗೆ ಕಡತ ಅನ್ನುವುದು ಅಲ್ಲಿಂದಲೇ ಬಂದದ್ದು. ಒಂದು ಹಳೇ ಕಾಟನ್ ಬಟ್ಟೆ ಇದ್ದರೆ ಶಾಲೆಯಲ್ಲೇ ಮಾಡಬಹುದು, ಬೀಜ ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿ ಕುದಿಸಿದರೆ ಅಂಟು. ಆಮೇಲೆ ಮಕ್ಕಳನ್ನು ಚೆನ್ನಕೇಶವ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಗೋಡೆ ತೋರಿಸಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿ ಇರುವುದು ಬಳಪದ ಕಲ್ಲಿನಲ್ಲಿ. ಕೈಯಲ್ಲಿ ಹಿಡಿದ ಬಳಪವೂ ಶಿಲಾಬಾಲಿಕೆಯೂ ಒಂದೇ ಜಾತಿ ಕಲ್ಲು ಅಂದಾಗ ಅವರ ಮುಖ ನೋಡಿ. ಯಾರಾದರೂ ಗೋಡೆಯಲ್ಲಿ ಬರೆದು ನೋಡೋಣ ಅನ್ನದ ಹಾಗೆ ಮಾತ್ರ ಎಚ್ಚರ.

ಪ್ರಶ್ನೆ: ನಾನು ಎಡಚ. ಏನಾದರೂ ಬದಲಾವಣೆ ಬೇಕಾ? (ಕಡೂರು)

ಉತ್ತರ: ತುದಿಯನ್ನು ನೇರ ಕತ್ತರಿಸುವ ಬದಲು ಸ್ವಲ್ಪ ಓರೆ ಮಾಡಿ, ಯಾವ ಕಡೆ ಅನ್ನುವುದು ನೀವು ಕೈ ಹೇಗೆ ಬಾಗಿಸುತ್ತೀರಿ ಅನ್ನುವುದರ ಮೇಲೆ. ಎರಡೂ ಥರ ಒಂದೊಂದು ಮಾಡಿ ನೋಡಿ. ಕಡ್ಡಿಗೇನು ಬರವಾ?

ಪ್ರಶ್ನೆ: ನಿಮ್ಮ ಅಂಕಣ ಓದಿ ನಮ್ಮ ಯಜಮಾನರು ಮಸಿ ಮಾಡಲು ಹೋಗಿ ಹೊಸ ಬಿಳಿ ಪಂಚೆ ಮೇಲೆ ಚೆಲ್ಲಿಕೊಂಡಿದ್ದಾರೆ. ಸೋಪಿಗೆ ಹೋಗುತ್ತಿಲ್ಲ. ಏನು ಮಾಡಲಿ? (ಚಿಕ್ಕಮಗಳೂರು)

ಉತ್ತರ: ಯಾವ ಮಸಿ ಅಂತ ಬರೆದಿಲ್ಲ ಅಮ್ಮಾ. ಅಳಲೆಕಾಯಿ ಅನ್ನಭೇದಿಯದ್ದಾದರೆ ನಿಂಬೆಹಣ್ಣಿನ ರಸ, ಉಪ್ಪು ಹಾಕಿ ಉಜ್ಜಿ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ತೊಳೆದು ಮತ್ತೆ ಅದೇ ಮಾಡಿ. ಮೂರ್ನಾಲ್ಕು ಸಲಕ್ಕೆ ಬಹುಮಟ್ಟಿಗೆ ಬಿಡುತ್ತದೆ, ಹುಳಿಗೆ ಕಬ್ಬಿಣದ ಕಲೆ ಕರಗುತ್ತದೆ. ಬ್ಲೀಚಿಂಗ್ ಪೌಡರ್ ಮಾತ್ರ ಹಾಕಬೇಡಿ, ಕಪ್ಪು ಹೋಗಿ ತುಕ್ಕಿನ ಕಲೆ ಕೂರುತ್ತದೆ. ಕಾಡಿಗೆ ಮಸಿ ಆಗಿದ್ದರೆ ನಿಂಬೆಹಣ್ಣು ದಂಡ ಮಾಡಬೇಡಿ. ಆ ಪಂಚೆಯನ್ನು ನಾಲ್ಕು ತುಂಡು ಮಾಡಿ, ಅಡುಗೆಮನೆಗೆ ಮಸಿಬಟ್ಟೆ ಆಯ್ತು.